ಮಹಡಿ ಮೇಲಿನ ಹೆಜ್ಜೆ ಸಪ್ಪಳ: 'ಲಾಂಗ್ ಡೇಸ್ ಜರ್ನಿ ಇನ್‌ಟು ನೈಟ್' ಟಿವಿ ನಾಟಕದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ನಾಟಕ ನೋಡಿ ಅಂತ ನಾನು ಬಹಳ ಜನಕ್ಕೆ ಗಂಟು ಬಿದ್ದಿದ್ದೇನೆ. ಕೆಲವರು ನೋಡಿ ಫೋನ್ ಮಾಡುತ್ತಾರೆ, ಕೆಲವರು ನೋಡುವ ಮೊದಲೇ ಮಾಡುತ್ತಾರೆ. ಪ್ರಶ್ನೆಗಳು ಮಾತ್ರ ಹೆಚ್ಚುಕಮ್ಮಿ ಅವೇ. ಪ್ರತಿ ಸಲ ಒಂದೇ ಉತ್ತರ ಹೇಳಿ ಹೇಳಿ ಸಾಕಾಗಿ, ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ಕೊನೆಯ ದೃಶ್ಯದ ಬಗ್ಗೆಯೂ ಹೇಳಿದ್ದೇನೆ. ಕಥೆ ಮೊದಲೇ ಗೊತ್ತಾದರೆ ರುಚಿ ಕೆಡುವಂಥ ನಾಟಕ ಇದಲ್ಲ, ಹಾಗಾಗಿ ಧೈರ್ಯವಾಗಿ ಓದಿ.

ಇದು ಸಿನಿಮಾನಾ, ನಾಟಕಾನಾ, ಧಾರಾವಾಹಿನಾ?

ಮೂಲದಲ್ಲಿ ರಂಗನಾಟಕ. ಬರೆದವನು ಅಮೆರಿಕದ ಯೂಜೀನ್ ಓನೀಲ್, 1936ರಲ್ಲಿ ಸಾಹಿತ್ಯದ ನೊಬೆಲ್ ಪಡೆದವನು. ಇದನ್ನು ಟಿವಿಗೆ ಒಂದಕ್ಕಿಂತ ಹೆಚ್ಚು ಸಲ ಮಾಡಿದ್ದಾರೆ. ನಾನು ಇಲ್ಲಿ ಮುಖ್ಯವಾಗಿ ಮಾತಾಡುತ್ತಿರುವುದು 1973ರ ಬ್ರಿಟಿಷ್ ಟಿವಿ ರೂಪದ ಬಗ್ಗೆ. ಇಂಗ್ಲೆಂಡಿನ ದೊಡ್ಡ ನಟ ಲಾರೆನ್ಸ್ ಒಲಿವಿಯರ್ ಅಪ್ಪನ ಪಾತ್ರ ಮಾಡಿರುವುದು ಅದರಲ್ಲೇ. ಧಾರಾವಾಹಿ ಅಲ್ಲ, ಒಂದೇ ಕಂತು. ಎರಡೂವರೆ ಗಂಟೆಗಿಂತ ಜಾಸ್ತಿ ಇದೆ, ಕಾಫಿ ಮಾಡಿಟ್ಟುಕೊಂಡು ಕೂತುಕೊಳ್ಳಿ.

ಕಥೆ ಏನು?

ಕಥೆ ಅಂತ ಹೇಳುವಷ್ಟು ಏನೂ ನಡೆಯುವುದಿಲ್ಲ. 1912ರ ಆಗಸ್ಟ್‌ನ ಒಂದು ದಿನ. ಅಮೆರಿಕದ ಕನೆಕ್ಟಿಕಟ್‌ನಲ್ಲಿ ನೀರಿನ ದಡದ ಒಂದು ಬೇಸಿಗೆ ಮನೆ. ಬೆಳಿಗ್ಗೆ ಎಂಟೂವರೆಗೆ ತಿಂಡಿ ಮುಗಿಸಿ ನಾಲ್ಕು ಜನ ನಗುತ್ತಾ ಹಾಲಿಗೆ ಬರುತ್ತಾರೆ. ನಾಟಕ ಮುಗಿಯುವ ಹೊತ್ತಿಗೆ ನಡುರಾತ್ರಿ. ಅಷ್ಟೇ.

ಅಪ್ಪ ಜೇಮ್ಸ್ ಟೈರೋನ್, 65 ವರ್ಷ, ಒಂದು ಕಾಲದಲ್ಲಿ ಹೆಸರು ಮಾಡಿದ ರಂಗನಟ. ಅಮ್ಮ ಮೇರಿ, 54. ದೊಡ್ಡ ಮಗ ಜೇಮೀ, 33, ಅವನೂ ನಟನೇ, ಆದರೆ ಕೆಲಸಕ್ಕಿಂತ ಕುಡಿತ ಜಾಸ್ತಿ. ಚಿಕ್ಕವನು ಎಡ್ಮಂಡ್, 23, ಹಡಗಿನಲ್ಲಿ ದುಡಿದು, ಊರೂರು ಅಲೆದು, ಕೆಮ್ಮುತ್ತಾ ಮನೆಗೆ ಬಂದಿದ್ದಾನೆ. ಆ ಕೆಮ್ಮು ಕ್ಷಯ ಅಂತ ಆ ದಿನವೇ ಖಾತ್ರಿಯಾಗುತ್ತದೆ. ಅದೇ ದಿನ, ಎರಡು ತಿಂಗಳ ಹಿಂದೆ ಚಿಕಿತ್ಸೆ ಮುಗಿಸಿ ಬಂದಿದ್ದ ಮೇರಿ ಮತ್ತೆ ಮಾರ್ಫಿನ್ ಶುರು ಮಾಡಿದ್ದಾಳೆ ಅಂತಲೂ ಮನೆಯವರಿಗೆ ಒಬ್ಬೊಬ್ಬರಾಗಿ ಗೊತ್ತಾಗುತ್ತದೆ.

ಗೊತ್ತಾಗುತ್ತದೆ ಅನ್ನುವುದಕ್ಕಿಂತ, ಗೊತ್ತಿದ್ದದ್ದನ್ನು ಒಪ್ಪಿಕೊಳ್ಳುತ್ತಾರೆ ಅಂದರೆ ಸರಿ. ಹಿಂದಿನ ರಾತ್ರಿಯೇ ಮಕ್ಕಳಿಬ್ಬರಿಗೂ ಅನುಮಾನ ಬಂದಿರುತ್ತದೆ. ಬೆಳಿಗ್ಗೆ ಯಾರೂ ಬಾಯಿ ಬಿಡುವುದಿಲ್ಲ.

ಹಾಗಾದರೆ ಇದು ಅಮ್ಮನ ಚಟದ ಕಥೆ ಅಲ್ವಾ?

ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಆ ಮನೆಯ ಮೂವರು ಗಂಡಸರೂ ಹಾಗೇ ಅಂದುಕೊಂಡಿದ್ದಾರೆ. ನಾಟಕದ ಕೀಲು ಇರುವುದೇ ಅಲ್ಲಿ.

ಮೂವರೂ ಬೆಳಿಗ್ಗೆಯಿಂದ ಅಮ್ಮನ ಕಣ್ಣು ನೋಡುತ್ತಾರೆ, ಕೈ ನೋಡುತ್ತಾರೆ, ಮಾತು ಜಾಸ್ತಿಯಾಯಿತಾ ಅಂತ ನೋಡುತ್ತಾರೆ. ಹಾಗೆ ನೋಡುತ್ತಾ ನೋಡುತ್ತಾ ಕೈಯಲ್ಲಿ ವಿಸ್ಕಿ ಹಿಡಿದಿರುತ್ತಾರೆ. ಮಧ್ಯಾಹ್ನ ಊಟಕ್ಕೆ ಮೊದಲು ಒಂದು, ಆಮೇಲೆ ಇನ್ನೊಂದು, ರಾತ್ರಿ ಲೆಕ್ಕವೇ ಇಲ್ಲ. ಕ್ಷಯ ಇರುವ ಮಗನಿಗೂ ಅಪ್ಪನೇ ಒಪ್ಪಿ ಕುಡಿಯಲು ಬಿಡುತ್ತಾನೆ. ಊಟಕ್ಕೆ ಮೊದಲು ಸ್ವಲ್ಪ ತಗೊಂಡರೆ ಟಾನಿಕ್ ಇದ್ದಂತೆ ಅನ್ನುವುದು ಅವನ ವಾದ. ಅವರ ಲೆಕ್ಕದಲ್ಲಿ ಅವಳದು ಚಟ, ತಮ್ಮದು ಅಭ್ಯಾಸ.

ಒಂದು ಸಣ್ಣ ದೃಶ್ಯ ಗಮನಿಸಿ. ಮಧ್ಯಾಹ್ನ, ಅಪ್ಪ ಇನ್ನೂ ಒಳಗೆ ಬಂದಿಲ್ಲ. ಅಣ್ಣ ತಮ್ಮ ಇಬ್ಬರೂ ಒಂದೊಂದು ಗ್ಲಾಸು ಏರಿಸುತ್ತಾರೆ. ಆಮೇಲೆ ಜೇಮೀ ಎರಡು ಗ್ಲಾಸು ನೀರು ಅಳತೆ ಮಾಡಿ ಬಾಟಲಿಗೆ ಸುರಿದು, ಅಲುಗಾಡಿಸಿ, ಇದ್ದ ಜಾಗದಲ್ಲೇ ಇಡುತ್ತಾನೆ. ಅಪ್ಪ ಬಾಟಲಿಯ ಮಟ್ಟ ನೋಡುತ್ತಾನೆ ಅಂತ ಅವನಿಗೆ ಗೊತ್ತು. ಸಂಜೆ ಅಪ್ಪ ಒಂದು ಗುಟುಕು ಕುಡಿಯುತ್ತಲೇ ನೀರು ಬೆರೆತಿದೆ ಅಂತ ಹಿಡಿಯುತ್ತಾನೆ. ನೆಲಮಾಳಿಗೆಗೆ ಹಾಕಿದ ಬೀಗವನ್ನು ಜೇಮೀ ತಂತಿ ಹಾಕಿ ತೆಗೆಯಲು ನೋಡಿದ್ದನ್ನೂ ಹೇಳುತ್ತಾನೆ. ಈ ಸಲದ ಬೀಗ ಕಳ್ಳನ ಕೈಗೂ ಬಗ್ಗುವುದಿಲ್ಲ ಅಂತ ಜಂಬ ಬೇರೆ. ಬೀಗ ಹಾಕುವುದು, ಅಳೆಯುವುದು, ನೀರು ಬೆರೆಸುವುದು, ನಾಟಕ ಆಡುವುದು. ಇದನ್ನೆಲ್ಲ ಮಾಡುತ್ತಿರುವವರು 'ಸರಿಯಾಗಿರುವ' ಮೂವರು!

ಮೇರಿ ಚುಚ್ಚಿಕೊಳ್ಳುವುದನ್ನು ಒಮ್ಮೆಯೂ ತೋರಿಸುವುದಿಲ್ಲವಂತೆ, ನಿಜಾನಾ?

ನಿಜ. ಅದೆಲ್ಲ ಮಹಡಿ ಮೇಲಿನ ಖಾಲಿ ಕೋಣೆಯಲ್ಲಿ ನಡೆಯುತ್ತದೆ, ನಾವು ಕೆಳಗಿನ ಹಾಲಿನಲ್ಲೇ ಇರುತ್ತೇವೆ. ಮೇಲೆ ಹೆಜ್ಜೆ ಸಪ್ಪಳ ಕೇಳುತ್ತದೆ. ಕೆಳಗೆ ಮಾತು ನಿಲ್ಲುತ್ತದೆ. ಕಣ್ಣುಗಳು ಮೇಲಕ್ಕೆ ಹೋಗುತ್ತವೆ. ಮತ್ತೆ ಏನೂ ಆಗದ ಹಾಗೆ ಇಸ್ಪೀಟು ಎಲೆ ಬೀಳುತ್ತದೆ. ಸಿರಿಂಜು ತೋರಿಸಿದ್ದರೆ ನಾವು ಮೇರಿಯನ್ನು ನೋಡುತ್ತಿದ್ದೆವು. ತೋರಿಸದೇ ಇರುವುದರಿಂದ ಕೇಳಿಸಿಕೊಳ್ಳುವವರನ್ನು ನೋಡುತ್ತೇವೆ.

ನನಗೆ ಈ ದೃಶ್ಯ ಹತ್ತಿರವಾದದ್ದಕ್ಕೆ ಒಂದು ಕಾರಣ ಇದೆ. ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಒಬ್ಬ ಚಿಕ್ಕಪ್ಪ ಇದ್ದರು. ರಾತ್ರಿ ಅವರು ಬರುವ ಹೊತ್ತಿಗೆ ಅಜ್ಜಿ ಅಡುಗೆ ಮನೆಯಲ್ಲಿ ಪಾತ್ರೆ ಸದ್ದು ನಿಲ್ಲಿಸುತ್ತಿದ್ದರು. ಗೇಟಿನ ಚಿಲಕ ಒಂದೇ ಸಲಕ್ಕೆ ಟಕ್ ಅಂದರೆ ತಟ್ಟೆ ಹಾಕುತ್ತಿದ್ದರು. ಚಿಲಕ ಎರಡು ಮೂರು ಸಲ ತಡಕಾಡಿದರೆ ನಮ್ಮನ್ನೆಲ್ಲ ಹಾಸಿಗೆಗೆ ಅಟ್ಟುತ್ತಿದ್ದರು. ಯಾರೂ ಏನೂ ಹೇಳುತ್ತಿರಲಿಲ್ಲ. ಆ ಚಿಲಕದ ಭಾಷೆ ಮನೆಯ ಮಕ್ಕಳಿಗೂ ಬರುತ್ತಿತ್ತು. ಓನೀಲ್‌ಗೆ ಮಹಡಿಯ ಹಲಗೆಯ ಭಾಷೆ ಬರುತ್ತಿತ್ತು ಅನ್ನಿಸುತ್ತದೆ.

ಅಷ್ಟು ಸುಲಭವಾಗಿ ಮಾರ್ಫಿನ್ ಸಿಗುತ್ತಿತ್ತಾ?

ಸಿಗುತ್ತಿತ್ತು. ಅಫೀಮಿನಿಂದ ತೆಗೆಯುವ ಮಾರ್ಫಿನ್ 19ನೇ ಶತಮಾನದಲ್ಲಿ ವೈದ್ಯರ ಕೈಗೆ ಸಿಕ್ಕ ದೊಡ್ಡ ನೋವಿನ ಮದ್ದು. ಆ ಶತಮಾನದ ನಡುಭಾಗದಲ್ಲಿ ಚರ್ಮದಡಿ ಚುಚ್ಚುವ ಸಿರಿಂಜು ಬಂದ ಮೇಲೆ ಅದರ ಬಳಕೆ ಇನ್ನೂ ಜಾಸ್ತಿಯಾಯಿತು. ಹೆರಿಗೆ ನೋವು, ಸಂಧಿವಾತ, ನಿದ್ದೆ ಬಾರದಿರುವುದು, ಏನೇ ಇರಲಿ ಇದೇ ಮದ್ದು. ಹಾಗೆ ವೈದ್ಯರ ಚೀಟಿಯಿಂದಲೇ ಚಟಕ್ಕೆ ಬಿದ್ದವರಲ್ಲಿ ಮಧ್ಯಮ ವರ್ಗದ ಹೆಂಗಸರು ಬಹಳ ಮಂದಿ. ಅಮೆರಿಕದಲ್ಲಿ ಇದಕ್ಕೆ ದೇಶಕ್ಕೆಲ್ಲ ಒಂದೇ ಕಡಿವಾಣ ಬಂದದ್ದು 1914ರ ಹ್ಯಾರಿಸನ್ ಕಾಯ್ದೆಯಿಂದ. ನಾಟಕ ನಡೆಯುವುದು 1912ರಲ್ಲಿ, ಅಂದರೆ ಅದಕ್ಕೆ ಎರಡು ವರ್ಷ ಮೊದಲು.

ಹಾಗಾಗಿ ಮೇರಿ ಕಳ್ಳದಾರಿ ಹಿಡಿಯಬೇಕಾಗಿಲ್ಲ. ಕಾರಿನಲ್ಲಿ ಪೇಟೆಗೆ ಹೋಗಿ ಮೆಡಿಕಲ್ ಶಾಪಿಗೆ ಚೀಟಿ ಕೊಡುತ್ತಾಳೆ. ಕೊಡುವುದಾದರೂ ಯಾರ ಕೈಯಲ್ಲಿ? ಮನೆಗೆಲಸದ ಹುಡುಗಿ ಕ್ಯಾಥ್ಲೀನ್ ಕೈಯಲ್ಲಿ. ಅಂಗಡಿಯವನು ತನ್ನನ್ನು ಕಳ್ಳಿಯ ಹಾಗೆ ನೋಡಿದ ಅಂತ ಆ ಹುಡುಗಿ ಸಿಟ್ಟಾಗುತ್ತಾಳೆ. ಕೈಗಂಟು ನೋವಿಗೆ ಔಷಧಿ ಅಂತ ಮೇರಿ ಸಮಾಧಾನ ಹೇಳುತ್ತಾಳೆ. ಅದು ಪೂರ್ತಿ ಸುಳ್ಳೂ ಅಲ್ಲ, ಅವಳ ಬೆರಳು ನಿಜಕ್ಕೂ ಸೊಟ್ಟಗಾಗಿವೆ.

ಅವಳಿಗೆ ಈ ಚಟ ಹಿಡಿದದ್ದು ಹೇಗೆ?

ಎಡ್ಮಂಡ್ ಹುಟ್ಟಿದಾಗ. ಹೆರಿಗೆಯ ನಂತರ ಬಹಳ ನೋವಿತ್ತು. ಗಂಡ ಖರ್ಚು ಉಳಿಸಲು ಹೋಟೆಲಿನ ಅಗ್ಗದ ಡಾಕ್ಟರನ್ನು ಕರೆಸಿದ, ಆತ ಮಾರ್ಫಿನ್ ಕೊಟ್ಟ ಅಂತ ನಾಟಕದಲ್ಲಿ ಬರುತ್ತದೆ. ಇದರಿಂದ ಮನೆಯಲ್ಲಿ ಎಲ್ಲರಿಗೂ ಒಂದೊಂದು ತಪ್ಪಿನ ಗಂಟು. ಅಪ್ಪನಿಗೆ ಜಿಪುಣತನದ್ದು, ಎಡ್ಮಂಡನಿಗೆ ಹುಟ್ಟಿದ್ದೇ ತಪ್ಪು ಅನ್ನುವುದು. ಜೇಮೀಯದು ಇನ್ನೂ ಹಳೆಯದು: ಏಳು ವರ್ಷದವನಿದ್ದಾಗ ಅವನಿಗೆ ದಡಾರ ಬಂದಿತ್ತು, ಹತ್ತಿರ ಹೋಗಬೇಡ ಅಂದರೂ ಹೋಗಿ, ಎಡ್ಮಂಡನಿಗಿಂತ ಮೊದಲು ಹುಟ್ಟಿದ್ದ ತಮ್ಮನಿಗೆ, ಇನ್ನೂ ಕೂಸಿಗೆ, ಅಂಟಿಸಿದ, ಕೂಸು ಸತ್ತಿತು. ಬೇಕೆಂದೇ ಮಾಡಿದ ಅಂತ ಮೇರಿ ಇನ್ನೂ ನಂಬಿದ್ದಾಳೆ.

ಇದು ನಿಜವಾಗಿ ನಡೆದದ್ದಾ?

ಬಹುಪಾಲು ಹೌದು. ಟೈರೋನ್ ಕುಟುಂಬ ಅಂದರೆ ಓನೀಲ್ ಕುಟುಂಬವೇ. ತಂದೆ ಜೇಮ್ಸ್ ಓನೀಲ್ 'ಕೌಂಟ್ ಆಫ್ ಮಾಂಟೆ ಕ್ರಿಸ್ಟೊ' ನಾಟಕದ ನಾಯಕನಾಗಿ ಅಮೆರಿಕದ ಉದ್ದಗಲ ಓಡಾಡಿದ ನಟ. ಆ ಒಂದೇ ಪಾತ್ರವನ್ನು ಸಾವಿರಾರು ಸಲ ಮಾಡಿದ. 1913ರಲ್ಲಿ ಅದರ ಮೂಕಿ ಸಿನಿಮಾದಲ್ಲೂ ಅವನೇ. ನ್ಯೂ ಲಂಡನ್ ಊರಿನ ಅವರ ಮನೆಗೆ ಮಾಂಟೆ ಕ್ರಿಸ್ಟೊ ಕಾಟೇಜ್ ಅಂತಲೇ ಹೆಸರು, ಈಗ ಅದು ಮ್ಯೂಸಿಯಂ. ತಾಯಿ ಮೇರಿ ಎಲೆನ್ (ಕರೆಯುತ್ತಿದ್ದದ್ದು 'ಎಲ್ಲಾ' ಅಂತ) ಮಾರ್ಫಿನ್‌ಗೆ ಬಿದ್ದದ್ದು 1888ರಲ್ಲಿ ಯೂಜೀನ್ ಹುಟ್ಟಿದ ಮೇಲೆ. ಅಣ್ಣ ಜೇಮೀ ಕುಡಿದು ಕುಡಿದು 1923ರಲ್ಲಿ ಸತ್ತ. ಯೂಜೀನ್‌ಗೆ 1912ರಲ್ಲಿ ಕ್ಷಯ ಬಂದು, ಆ ವರ್ಷದ ಕ್ರಿಸ್‌ಮಸ್ ಹಿಂದಿನ ದಿನ ಗೇಲಾರ್ಡ್ ಫಾರ್ಮ್ ಅನ್ನುವ ಕ್ಷಯದಾಸ್ಪತ್ರೆಗೆ ಸೇರಿದ. ಅಲ್ಲಿದ್ದಾಗಲೇ ನಾಟಕ ಬರೆಯಬೇಕು ಅಂತ ನಿಶ್ಚಯ ಮಾಡಿದ್ದು.

ಹೆಸರು ಬದಲಿಸಿದ್ದಾನಲ್ಲ?

ಬದಲಿಸಿದ್ದಾನೆ, ಆದರೆ ಒಂದು ಕಡೆ ಮೈ ಜುಮ್ಮೆನ್ನುವ ಹಾಗೆ ಬದಲಿಸಿದ್ದಾನೆ. ನಿಜವಾಗಿ ದಡಾರದಿಂದ ಸತ್ತ ಕೂಸಿನ ಹೆಸರು ಎಡ್ಮಂಡ್, ಬದುಕಿ ಉಳಿದು ನಾಟಕಕಾರ ಆದವನು ಯೂಜೀನ್. ನಾಟಕದಲ್ಲಿ ಬದುಕಿರುವವನು ಎಡ್ಮಂಡ್. ಸತ್ತ ಕೂಸಿನ ಹೆಸರು ಯೂಜೀನ್! ಮಿಕ್ಕವರಿಗೆ ಮನೆತನದ ಹೆಸರಷ್ಟೇ ಬದಲು. ತನ್ನನ್ನು ಮಾತ್ರ ಸತ್ತವನ ಜಾಗಕ್ಕೆ ಹಾಕಿಕೊಂಡಿದ್ದಾನೆ. ಇದನ್ನು ತಿಳಿದ ಮೇಲೆ ಮೇರಿ ಸತ್ತ ಮಗುವಿನ ಹೆಸರು ಹೇಳಿ ಅಳುವ ಮಾತುಗಳನ್ನು ನನಗೆ ಮೊದಲಿನ ಹಾಗೆ ಕೇಳಲು ಆಗಿಲ್ಲ.

25 ವರ್ಷ ಯಾರಿಗೂ ತೋರಿಸಬಾರದು ಅಂದಿದ್ದನಂತೆ?

ಹೌದು. 1939ರಿಂದ 41ರವರೆಗೆ ಕ್ಯಾಲಿಫೋರ್ನಿಯಾದ ಟಾವ್ ಹೌಸ್ ಅನ್ನುವ ಮನೆಯಲ್ಲಿ ಕೂತು ಬರೆದ. ಕೈ ನಡುಗುವ ಕಾಯಿಲೆ ಶುರುವಾಗಿತ್ತು. ಪೆನ್ಸಿಲಿನಲ್ಲಿ ಇರುವೆ ಸಾಲಿನಂಥ ಅಕ್ಷರ. ಅದನ್ನು ಹೆಂಡತಿ ಕಾರ್ಲೊಟಾ ಟೈಪ್ ಮಾಡುತ್ತಿದ್ದಳು. ಬರೆದು ಹೊರಗೆ ಬಂದರೆ ಅಳುತ್ತಿದ್ದ, ಕಣ್ಣು ಕೆಂಪಾಗಿರುತ್ತಿತ್ತು ಅಂತ ಆಮೇಲೆ ಆಕೆಯೇ ಹೇಳಿದ್ದಾಳೆ. 1941ರ ಜುಲೈ 22ರಂದು, ಮದುವೆಯ ಹನ್ನೆರಡನೇ ವಾರ್ಷಿಕೋತ್ಸವಕ್ಕೆ, ಹಸ್ತಪ್ರತಿಯನ್ನು ಅವಳಿಗೆ ಕಾಣಿಕೆ ಕೊಟ್ಟ. ತಾನು ಸತ್ತು 25 ವರ್ಷ ಆಗುವವರೆಗೆ ಅಚ್ಚು ಹಾಕಬಾರದು ಅಂತ ಮುಚ್ಚಿ ಮೊಹರು ಮಾಡಿ ಪ್ರಕಾಶಕರ ಕಪಾಟಿನಲ್ಲಿ ಇಡಿಸಿದ.

ಸತ್ತದ್ದು 1953ರಲ್ಲಿ. ಲೆಕ್ಕದ ಪ್ರಕಾರ 1978ರವರೆಗೆ ಕಾಯಬೇಕಿತ್ತು. ಪ್ರಕಾಶಕರಾದ ರ‍್ಯಾಂಡಮ್ ಹೌಸ್‌ನವರು ಮಾತು ಮುರಿಯಲು ಒಪ್ಪಲಿಲ್ಲ. ಹಕ್ಕು ಕಾರ್ಲೊಟಾ ಕೈಯಲ್ಲಿತ್ತು, ಆಕೆ ಅದನ್ನು ಯೇಲ್ ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ಟಳು. 1956ರ ಫೆಬ್ರವರಿಯಲ್ಲಿ ಪುಸ್ತಕ ಬಂತು, ಅದೇ ತಿಂಗಳು ಸ್ಟಾಕ್‌ಹೋಮ್‌ನಲ್ಲಿ ಸ್ವೀಡಿಷ್ ಭಾಷೆಯಲ್ಲಿ ಮೊದಲ ಪ್ರದರ್ಶನ ಆಯಿತು. ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಮಂದಿರಕ್ಕೆ ಬಂತು. 1957ರಲ್ಲಿ ಪುಲಿಟ್ಜರ್ ಪ್ರಶಸ್ತಿ.

ಹೆಂಡತಿ ಮಾಡಿದ್ದು ಸರಿಯಾ ತಪ್ಪಾ ಅಂತ ಬಹಳ ಜನ ಕೇಳುತ್ತಾರೆ. ಗಂಡನ ಮಾತು ಮೀರಿದ್ದಂತೂ ಹೌದು. ಮೀರದಿದ್ದರೆ ಒಲಿವಿಯರ್ ಈ ಪಾತ್ರ ಮಾಡುತ್ತಿರಲಿಲ್ಲ. ನಾನು ಅವಳನ್ನು ಬೈಯುವ ಸ್ಥಿತಿಯಲ್ಲಿಲ್ಲ.

ನಿಜ ಜೀವನದಲ್ಲಿ ತಾಯಿ ಗುಣವಾದಳಾ?

ಆದಳು! ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ನಾಟಕ ನೋಡಿದವರಿಗೆ ಅವಳು ಮತ್ತೆ ಎದ್ದೇಳುವುದಿಲ್ಲ ಅಂತಲೇ ಅನ್ನಿಸುತ್ತದೆ. ಆದರೆ ನಿಜವಾದ ತಾಯಿ 'ಎಲ್ಲಾ' ಓನೀಲ್ 1914ರಲ್ಲಿ ಒಂದು ಕಾನ್ವೆಂಟಿನಲ್ಲಿ ಸನ್ಯಾಸಿನಿಯರ ಜೊತೆ ಇದ್ದು ಮಾರ್ಫಿನ್ ಬಿಟ್ಟಳು, ಮತ್ತೆ ಮುಟ್ಟಲಿಲ್ಲ. 1920ರಲ್ಲಿ ಗಂಡ ತೀರಿಕೊಂಡ ಮೇಲೆ ಆಸ್ತಿ ವ್ಯವಹಾರವನ್ನೂ ತಾನೇ ನೋಡಿಕೊಂಡಳು. ಅವಳ ಜೊತೆ ಇದ್ದಷ್ಟು ದಿನ ಜೇಮೀಯೂ ಕುಡಿತ ಬಿಟ್ಟಿದ್ದ. 1922ರಲ್ಲಿ ಅವಳು ಸಾಯುವ ಹೊತ್ತಿಗೆ ಮತ್ತೆ ಹಿಡಿದ. ಮರುವರ್ಷ ಅವನೂ ಹೋದ.

ಓನೀಲ್‌ಗೆ ಇದೆಲ್ಲ ಗೊತ್ತಿತ್ತು. ಬರೆಯುವಾಗ ತಾಯಿ ಗುಣವಾಗಿ ಇಪ್ಪತ್ತೈದು ವರ್ಷ ಕಳೆದಿತ್ತು. ಅವನೂ 1920ರ ದಶಕದಲ್ಲೇ ಕುಡಿತವನ್ನು ಹೆಚ್ಚುಕಮ್ಮಿ ಪೂರ್ತಿ ಬಿಟ್ಟಿದ್ದ. ಆದರೂ ಗುಣವಾದ ವರ್ಷವನ್ನು ಬಿಟ್ಟು 1912ನ್ನೇ ಆರಿಸಿಕೊಂಡ. ಅವಳು ಬಿಟ್ಟದ್ದರ ಬಗ್ಗೆ ಬರೆದಿದ್ದರೆ ಅದೊಂದು ಒಳ್ಳೆಯ ಸುದ್ದಿ ಆಗುತ್ತಿತ್ತು. ಮನೆಯವರು ಕಾಯುತ್ತಾ, ಕದ್ದು ನೋಡುತ್ತಾ ಕಳೆದ ಇಪ್ಪತ್ತಾರು ವರ್ಷ ಅದರಲ್ಲಿ ಎಲ್ಲಿ ಹೋಗಬೇಕಿತ್ತು?

ಇನ್ನೊಂದು ವಿಷಯ, ಹೇಳಲು ಕಷ್ಟವಾಗುತ್ತದೆ. ಓನೀಲ್‌ನ ಮಗ ಶೇನ್ ಮುಂದೆ ಹೆರಾಯಿನ್ ಚಟಕ್ಕೆ ಬಿದ್ದ. ಮಗಳು ಊನಾ 1943ರಲ್ಲಿ ಚಾರ್ಲಿ ಚಾಪ್ಲಿನ್‌ನನ್ನು ಮದುವೆಯಾದಳು ಅಂತ ಅವಳ ಸಂಬಂಧವನ್ನೇ ಕಡಿದುಕೊಂಡ. ಅಪ್ಪ ಅಮ್ಮನನ್ನು, ಅಣ್ಣನನ್ನು ನಾಟಕದಲ್ಲಿ ಕ್ಷಮಿಸಿದ ಮನುಷ್ಯನಿಗೆ ಸ್ವಂತ ಮಕ್ಕಳ ವಿಷಯದಲ್ಲಿ ಅದು ಆಗಲಿಲ್ಲ.

ರಂಗದಿಂದ ಟಿವಿಗೆ ಬಂದಾಗ ಏನು ಬದಲಾಯಿತು?

1971ರ ಡಿಸೆಂಬರ್‌ನಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರ್ ತಂಡ ಈ ನಾಟಕ ಆಡಿತು. ನಿರ್ದೇಶನ ಮೈಕಲ್ ಬ್ಲೇಕ್‌ಮೋರ್. ಒಲಿವಿಯರ್ ಆಗ ಆ ಸಂಸ್ಥೆಯ ಮುಖ್ಯಸ್ಥ. ಕಾನ್‌ಸ್ಟನ್ಸ್ ಕಮಿಂಗ್ಸ್ ಮೇರಿ, ಡೆನಿಸ್ ಕ್ವಿಲ್ಲಿ ಜೇಮೀ, ರೊನಾಲ್ಡ್ ಪಿಕಪ್ ಎಡ್ಮಂಡ್. ಟಿವಿಗೆ ಮಾಡುವಾಗಲೂ ಇದೇ ನಾಲ್ವರು. ಕ್ಯಾಥ್ಲೀನ್ ಆಗಿ ಮೌರೀನ್ ಲಿಪ್‌ಮನ್. ಟಿವಿ ರೂಪದ ನಿರ್ದೇಶನದಲ್ಲಿ ಪೀಟರ್ ವುಡ್ ಕೂಡ ಜೊತೆಯಾದರು.

ಸ್ಟುಡಿಯೊದಲ್ಲಿ ಸೆಟ್ ಹಾಕಿ ವಿಡಿಯೊ ಕ್ಯಾಮೆರಾಗಳಲ್ಲಿ ಹಿಡಿದದ್ದು. ಹೊರಾಂಗಣ, ಸಮುದ್ರ, ಹಡಗು ಏನೂ ಇಲ್ಲ. ಮಂಜು ಕವಿದಾಗ ಹಡಗುಗಳಿಗೆ ಊದುವ ಕಹಳೆ ಮಾತ್ರ ಆಗಾಗ ಕೇಳುತ್ತದೆ, ಮುದಿ ಎಮ್ಮೆ ನರಳಿದ ಹಾಗೆ. ಪೂರ್ತಿ ಪಠ್ಯ ಆಡಿದರೆ ನಾಲ್ಕು ಗಂಟೆಯ ಹತ್ತಿರ ಹೋಗುತ್ತದೆ, ಹಾಗಾಗಿ ಮಾತಿಗೆ ಕತ್ತರಿ ಬಿದ್ದಿದೆ. ಎಡ್ಮಂಡ್ ಹೇಳುವ ಕವಿತೆಗಳು ಸ್ವಲ್ಪ ಕಡಿಮೆಯಾದರೆ ನನಗೇನೂ ಬೇಜಾರಿಲ್ಲ.

ನಿಜವಾದ ಬದಲಾವಣೆ ಕ್ಯಾಮೆರಾ ಹತ್ತಿರ ಬರುವುದು. ರಂಗದಲ್ಲಿ ಒಬ್ಬರು ಮಾತಾಡುವಾಗ ಮಿಕ್ಕ ಮೂವರನ್ನೂ ನಾವು ನೋಡುತ್ತಿರಬಹುದು, ಯಾರನ್ನು ನೋಡಬೇಕು ಅನ್ನುವುದು ನಮ್ಮ ಇಷ್ಟ. ಟಿವಿಯಲ್ಲಿ ಆ ಆಯ್ಕೆ ನಿರ್ದೇಶಕನದು. ಅದರಿಂದ ಸ್ವಲ್ಪ ನಷ್ಟ ಇದೆ. ಲಾಭವೂ ಇದೆ: ಮೇರಿಯ ಬೆರಳು. ಮೇಜಿನ ಮೇಲೆ ತಾಳ ಹಾಕುವ, ಮಡಿಲಲ್ಲಿ ಒಂದನ್ನೊಂದು ಹಿಡಿದುಕೊಳ್ಳುವ, ಯಾರಾದರೂ ನೋಡಿದ ಕೂಡಲೇ ಕೂದಲು ಸರಿ ಮಾಡಲು ಮೇಲೇಳುವ ಆ ಬೆರಳುಗಳು. ರಂಗದಲ್ಲಿ ಇಪ್ಪತ್ತನೇ ಸಾಲಿನಲ್ಲಿ ಕೂತವರಿಗೆ ಇದು ಎಷ್ಟು ಕಾಣಿಸಿತ್ತೋ ಏನೋ.

ಒಲಿವಿಯರ್ ಅಭಿನಯ ಅಷ್ಟೊಂದು ಚೆನ್ನಾಗಿದೆಯಾ, ಸುಮ್ನೆ ಹೊಗಳುತ್ತಾರಾ?

ಚೆನ್ನಾಗಿದೆ. ಈ ಪಾತ್ರಕ್ಕೆ 1973ರ ಎಮ್ಮಿ ಪ್ರಶಸ್ತಿಯೂ ಬಂತು. ಟೈರೋನ್‌ಗೆ 65, ಒಲಿವಿಯರ್‌ಗೂ ಸುಮಾರು ಅಷ್ಟೇ. ದೊಡ್ಡ ನಟನೊಬ್ಬ, ತನ್ನ ದೊಡ್ಡತನವನ್ನು ದುಡ್ಡಿಗೆ ಮಾರಿಕೊಂಡ ನಟನ ಪಾತ್ರ ಮಾಡುವುದು ಅಂದರೆ ಕನ್ನಡಿ ಮುಂದೆ ಕೂತ ಹಾಗೆ.

ನಾಲ್ಕನೇ ಅಂಕ ನೋಡಿ. ನಡುರಾತ್ರಿ, ಅಪ್ಪ ಮತ್ತು ಎಡ್ಮಂಡ್ ಕುಡಿಯುತ್ತಾ ಕೂತಿದ್ದಾರೆ. ಕರೆಂಟ್ ಬಿಲ್ ಜಾಸ್ತಿ ಬರುತ್ತದೆ ಅಂತ ಅಪ್ಪ ಬಲ್ಬ್ ಆರಿಸಿಟ್ಟಿದ್ದಾನೆ. ಜಗಳವಾಗಿ, ರೋಷ ಬಂದು, ಎಲ್ಲ ಬಲ್ಬನ್ನೂ ಹೊತ್ತಿಸುತ್ತಾನೆ. ಆಮೇಲೆ ತನ್ನ ಗುಟ್ಟು ಹೇಳುತ್ತಾನೆ. ಹತ್ತು ವರ್ಷದವನಿದ್ದಾಗ ಅಪ್ಪ ಬಿಟ್ಟುಹೋದದ್ದು, ಯಂತ್ರದಂಗಡಿಯಲ್ಲಿ ವಾರಕ್ಕೆ 50 ಸೆಂಟಿಗೆ ದುಡಿದದ್ದು. ಎಡ್ವಿನ್ ಬೂತ್‌ನಂಥ ಮಹಾನಟ ತನ್ನ ಒಥೆಲೊ ನೋಡಿ, ಈ ಹುಡುಗ ನನಗಿಂತ ಚೆನ್ನಾಗಿ ಮಾಡುತ್ತಾನೆ ಅಂದದ್ದು. ಆಮೇಲೆ ದುಡ್ಡು ಸುರಿಸುವ ಒಂದು ನಾಟಕ ಕೈಗೆ ಸಿಕ್ಕಿ, ಅದೊಂದರಲ್ಲೇ ಬದುಕು ಸವೆದದ್ದು. ಅಷ್ಟೆಲ್ಲ ಕೊಟ್ಟು ತಾನು ಕೊಂಡದ್ದಾದರೂ ಏನು ಅಂತ ತನ್ನನ್ನೇ ಕೇಳಿಕೊಳ್ಳುತ್ತಾನೆ. ಇಷ್ಟು ಹೇಳಿ, ಕಣ್ಣು ತುಂಬಿಕೊಂಡು... ಬಲ್ಬ್ ಆರಿಸಲು ಏಳುತ್ತಾನೆ! ಇನ್ನು ಉರಿಸಿ ಏನು ಪ್ರಯೋಜನ ಅಂತ. ಒಲಿವಿಯರ್ ಮೇಜು ಹತ್ತಿ ಆರಿಸುತ್ತಾರೆ. ನಗಬೇಕಾ ಅಳಬೇಕಾ ಗೊತ್ತಾಗುವುದಿಲ್ಲ. ನಾನು ನಕ್ಕೆ, ಆಮೇಲೆ ನಾಚಿಕೆಯಾಯಿತು.

ಜಿಪುಣತನವನ್ನೂ ಅವನ ಚಟ ಅಂತಲೇ ನಾನು ಲೆಕ್ಕ ಹಾಕುತ್ತೇನೆ. ಜಮೀನು ಕೊಳ್ಳುವುದನ್ನು ಅವನಿಂದ ನಿಲ್ಲಿಸಲು ಆಗುವುದಿಲ್ಲ. ಮಗನನ್ನು ಸರ್ಕಾರದ ಧರ್ಮಾಸ್ಪತ್ರೆಗೆ ಸೇರಿಸಲು ಹೊರಟ ದಿನವೂ ಪೇಟೆಯಲ್ಲಿ ಒಂದು ಜಮೀನಿನ ಮಾತುಕತೆ.

ಬೇರೆ ರೂಪಗಳೂ ಇವೆಯಲ್ಲ, ಯಾವುದು ಒಳ್ಳೆಯದು?

1962ರ ಸಿಡ್ನಿ ಲುಮೆಟ್ ಸಿನಿಮಾ ಪ್ರಸಿದ್ಧ. ಕ್ಯಾಥರೀನ್ ಹೆಪ್‌ಬರ್ನ್ ಮೇರಿ, ಜೇಸನ್ ರೋಬಾರ್ಡ್ಸ್ ಜೇಮೀ. ಅದು ಸಿನಿಮಾ, ಟಿವಿಯದಲ್ಲ. ಹೆಪ್‌ಬರ್ನ್ ಅದ್ಭುತ, ಆದರೆ ಮೇರಿ ಅಲ್ಲಿ ಸ್ವಲ್ಪ ರಾಣಿಯ ಹಾಗೆ ಕಾಣುತ್ತಾಳೆ. ಕಮಿಂಗ್ಸ್ ಮಾಡಿದ ಮೇರಿ ಪಕ್ಕದ ಮನೆಯ ಆಂಟಿಯ ಹಾಗಿದ್ದಾಳೆ, ಅದಕ್ಕೇ ಜಾಸ್ತಿ ಭಯ.

1982ರಲ್ಲಿ ಕಪ್ಪು ಕಲಾವಿದರೇ ಮಾಡಿದ ಟಿವಿ ರೂಪ ಬಂತು, ಅರ್ಲ್ ಹೈಮನ್ ಮತ್ತು ರೂಬಿ ಡೀ ಅದರಲ್ಲಿದ್ದಾರೆ. 1987ರಲ್ಲಿ ಜೊನಾಥನ್ ಮಿಲ್ಲರ್ ಮಾಡಿದ ರೂಪದಲ್ಲಿ ಜ್ಯಾಕ್ ಲೆಮನ್ ಅಪ್ಪ. ಅದರಲ್ಲಿ ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಬಾಯಿ ಹಾಕುತ್ತಾರೆ, ಎಲ್ಲರೂ ಒಟ್ಟಿಗೆ ಕೂಗುತ್ತಾರೆ. ಕೆಲವರಿಗೆ ಕಿರಿಕಿರಿ. ನನಗಂತೂ ನಿಜವಾದ ಮನೆ ಜಗಳ ಹಾಗೇ ಇರುತ್ತದೆ ಅನ್ನಿಸಿತು. ಎರಡನೇ ಸಲ ನೋಡುವವರಿಗೆ ಅದು ಸರಿ. ಮೊದಲ ಸಲಕ್ಕೆ 1973ರದ್ದೇ ಇರಲಿ.

ಹೇಳಿದ್ದನ್ನೇ ಹೇಳುತ್ತಾರೆ, ಬೋರ್ ಆಗುತ್ತದಲ್ಲ?

ಹೇಳಿದ್ದನ್ನೇ ಹೇಳುತ್ತಾರೆ, ನಿಜ. ಚಟ ಇರುವ ಮನೆಯಲ್ಲಿ ಹೊಸ ಜಗಳ ಯಾವಾಗ ನಡೆದಿದೆ? ಅದೇ ಮದುವೆ ದಿನ, ಅದೇ ಡಾಕ್ಟರು, ಅದೇ ದುಡ್ಡು. ಒಬ್ಬರು ಚುಚ್ಚುತ್ತಾರೆ, ಕೂಡಲೇ ಕ್ಷಮೆ ಕೇಳುತ್ತಾರೆ, ಐದು ನಿಮಿಷಕ್ಕೆ ಮತ್ತೆ ಚುಚ್ಚುತ್ತಾರೆ. ಆ ತಿರುಗಣೆಯನ್ನು ಹಿಡಿದುಕೊಂಡರೆ ಬೋರ್ ಆಗುವುದಿಲ್ಲ. ಮೊದಲ ಮುಕ್ಕಾಲು ಗಂಟೆ ನಿಧಾನ ಅಂತ ಒಪ್ಪುತ್ತೇನೆ.

ಇಂಗ್ಲಿಷ್ ಕಷ್ಟವಾ?

ಅಷ್ಟೇನಿಲ್ಲ, ಮನೆ ಮಾತು. ಸಬ್‌ಟೈಟಲ್ ಸಿಕ್ಕರೆ ಹಾಕಿಕೊಳ್ಳಿ. ಒಂದು ಮಾತ್ರ ಕಿವಿಗೊಟ್ಟು ಕೇಳಿ: ಅವರು 'ಮಾರ್ಫಿನ್' ಅನ್ನುವ ಹೆಸರನ್ನು ಎಷ್ಟು ತಪ್ಪಿಸುತ್ತಾರೆ ಅಂತ. 'ಆ ವಿಷ' ಅನ್ನುತ್ತಾರೆ, 'ಔಷಧಿ' ಅನ್ನುತ್ತಾರೆ, ಅರ್ಧಕ್ಕೆ ನಿಲ್ಲಿಸುತ್ತಾರೆ. ಎಡ್ಮಂಡ್‌ನ ಕ್ಷಯಕ್ಕೂ ಅಷ್ಟೇ, ಮೇರಿಗೆ ಅದು ಬರೀ 'ಬೇಸಿಗೆ ಶೀತ'. ನಮ್ಮಲ್ಲೂ 'ಅವರು ಸ್ವಲ್ಪ ತಗೋತಾರೆ' ಅಂತ ಹೇಳುತ್ತೇವಲ್ಲ, ಏನನ್ನು ಅಂತ ಯಾರೂ ಕೇಳುವುದಿಲ್ಲ. ಕೊನೆಗೆ ಕುಡಿದು ಬಂದ ಜೇಮೀ ಅಮ್ಮನನ್ನು ನೇರವಾಗಿ ನಶೆಗೇಡಿ ಅನ್ನುವಂಥ ಬೀದಿಯ ಪದ ಬಳಸುತ್ತಾನೆ. ಎಡ್ಮಂಡ್ ಮುಖಕ್ಕೆ ಗುದ್ದುತ್ತಾನೆ. ಜೇಮೀ ಗುದ್ದಿಸಿಕೊಂಡು ಥ್ಯಾಂಕ್ಸ್ ಹೇಳುತ್ತಾನೆ.

ಕೊನೆಯ ದೃಶ್ಯದ ಅರ್ಥ ಏನು?

ಮೂವರೂ ಕುಡಿದು ತೂಗುತ್ತಿದ್ದಾರೆ. ಪಕ್ಕದ ಕೋಣೆಯಲ್ಲಿ ಇದ್ದಕ್ಕಿದ್ದಂತೆ ದೀಪ ಹತ್ತುತ್ತದೆ, ಯಾರೋ ಪಿಯಾನೊದಲ್ಲಿ ತಪ್ಪು ತಪ್ಪಾಗಿ ಶೋಪಾನ್ ಅನ್ನುವ ಸಂಗೀತಗಾರನ ರಾಗ ನುಡಿಸುತ್ತಾರೆ, ಶಾಲೆಯ ಹುಡುಗಿ ಕಲಿಯುತ್ತಿರುವ ಹಾಗೆ. ಮೇರಿ ಬರುತ್ತಾಳೆ. ಅಟ್ಟದ ಪೆಟ್ಟಿಗೆಯಿಂದ ತೆಗೆದ ಮದುವೆ ಬಟ್ಟೆಯನ್ನು ನೆಲಕ್ಕೆ ಎಳೆದುಕೊಂಡು ಬರುತ್ತಾಳೆ. ಅದನ್ನು ಯಾಕೆ ತಂದೆ ಅನ್ನುವುದು ಅವಳಿಗೇ ನೆನಪಿಲ್ಲ. ಏನನ್ನೋ ಹುಡುಕುತ್ತಿದ್ದಾಳೆ, ಏನು ಅಂತಲೂ ಗೊತ್ತಿಲ್ಲ. ಕಾನ್ವೆಂಟ್ ಶಾಲೆಯ ದಿನಗಳಿಗೆ ಹೋಗಿಬಿಟ್ಟಿದ್ದಾಳೆ, ಸನ್ಯಾಸಿನಿ ಆಗಬೇಕು ಅಂದುಕೊಂಡಿದ್ದ ಹುಡುಗಿ. ಮಕ್ಕಳು ಕರೆದರೂ ಕೇಳುವುದಿಲ್ಲ. ಮೂವರೂ ಗ್ಲಾಸು ಎತ್ತುತ್ತಾರೆ, ಬಾಯಿಗೆ ಇಡುವ ಮೊದಲು ಅವಳು ಮಾತು ಶುರು ಮಾಡುತ್ತಾಳೆ, ಹಾಗೇ ಕೆಳಗಿಡುತ್ತಾರೆ. ಇಡೀ ದಿನದಲ್ಲಿ ಅವರು ಕುಡಿಯದೆ ಗ್ಲಾಸು ಕೆಳಗಿಟ್ಟದ್ದು ನನ್ನ ಕಣ್ಣಿಗೆ ಬಿದ್ದಿದ್ದು ಆಗ ಮಾತ್ರ. ಆಮೇಲೆ ಜೇಮ್ಸ್ ಟೈರೋನ್‌ನನ್ನು ಪ್ರೀತಿಸಿ ಸ್ವಲ್ಪ ಕಾಲ ತುಂಬಾ ಸುಖವಾಗಿದ್ದೆ ಅನ್ನುತ್ತಾಳೆ. ಆ ಟೈರೋನ್ ಎದುರಿಗೇ ಕೂತಿದ್ದಾನೆ. ಪರದೆ.

ಅರ್ಥ ನೀವೇ ಮಾಡಿಕೊಳ್ಳಿ.

ನಮ್ಮ ಮನೆಯಲ್ಲೂ ಇಂಥವರಿದ್ದಾರೆ. ನೋಡಬಹುದಾ?

ನೋಡಬಹುದು, ಆದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಾಠ ಕಲಿಸಲು ನೋಡಬೇಡಿ. ನಾಟಕದಲ್ಲಿ ಮೂರು ಜನ ಮಾಡುವುದೂ ಅದನ್ನೇ.

ಸಹಾಯ ಬೇಕಿದ್ದರೆ ನಾಟಕ ಸಾಲದು. ಚಟ ಬಿಡಿಸುವ ವಿಷಯಕ್ಕೆ ದೇಶದ ಉಚಿತ ಸಹಾಯವಾಣಿ 14446. ಮನಸ್ಸಿನ ಆರೋಗ್ಯಕ್ಕೆ ಟೆಲಿ ಮಾನಸ್ 14416, ಕನ್ನಡದಲ್ಲೂ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನದ ಚಿಕಿತ್ಸೆಗೇ ಬೇರೆ ವಿಭಾಗ ಇದೆ. ಒಂದು ಎಚ್ಚರಿಕೆ: ಬಹಳ ವರ್ಷ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ ಆಗಬಹುದು. ಹಠ ಹಿಡಿದು ಕೋಣೆಗೆ ಕೂಡಿಹಾಕಬೇಡಿ, ಡಾಕ್ಟರನ್ನು ಕೇಳಿಯೇ ನಿಲ್ಲಿಸಿ. ಮನೆಯವರೂ ತಮಗಾಗಿ ಒಮ್ಮೆ ಹೋಗಿ ಮಾತಾಡಿದರೆ ತಪ್ಪಿಲ್ಲ.

ಮುಂದೇನು ನೋಡಲಿ?

ಜೇಮೀ ಮುಂದೆ ಏನಾದ ಅಂತ ತಿಳಿಯಬೇಕಿದ್ದರೆ ಓನೀಲ್‌ನದೇ 'ಎ ಮೂನ್ ಫಾರ್ ದಿ ಮಿಸ್‌ಬಿಗಾಟನ್' ಇದೆ. 1923ರಲ್ಲಿ ನಡೆಯುವ ಕಥೆ. ಅಮ್ಮ ತೀರಿಕೊಂಡಿದ್ದಾಳೆ, ಅವಳ ಶವವನ್ನು ರೈಲಿನಲ್ಲಿ ತರುವಾಗ ತಾನು ಏನು ಮಾಡಿದೆ ಅಂತ ಜೇಮೀ ಒಂದು ರಾತ್ರಿ ಒಬ್ಬ ಹೆಂಗಸಿನ ಮುಂದೆ ಬಾಯಿ ಬಿಡುತ್ತಾನೆ. 1975ರಲ್ಲಿ ಅದೂ ಟಿವಿಗೆ ಬಂತು, ಜೇಮೀ ಆಗಿ ಜೇಸನ್ ರೋಬಾರ್ಡ್ಸ್, ಜೊತೆಗೆ ಕಾಲೀನ್ ಡ್ಯೂಹರ್ಸ್ಟ್. ರೋಬಾರ್ಡ್ಸ್ ಸ್ವತಃ ವಿಪರೀತ ಕುಡಿಯುತ್ತಿದ್ದವರು, 1972ರಲ್ಲಿ ಕಾರು ಅಪಘಾತದಲ್ಲಿ ಸಾವಿನ ಬಾಯಿಂದ ಉಳಿದು ಬಂದವರು. ಅದನ್ನು ತಿಳಿದು ನೋಡಿದರೆ ಆ ಮುಖದ ಲೆಕ್ಕವೇ ಬೇರೆ. ಎರಡನ್ನೂ ಒಂದೇ ರಾತ್ರಿ ನೋಡಬೇಡಿ. ನಾನು ನೋಡಿದ್ದೆ, ಮರುದಿನ ಆಫೀಸಿಗೆ ರಜೆ ಹಾಕಬೇಕಾಯಿತು.